ವಾಪಸ್ ಬಂದ ಒಂಬತ್ತು ಕೊಕ್ಕೆ: ಎಲ್ಲಿ ಕೆಟ್ಟಿತು, ಯಾವ ಕಾವಿನಲ್ಲಿ ಕೆಟ್ಟಿತು

ದಸರಾ ಮುಗಿದ ವಾರ ಒಂದು ಗೋಣಿಚೀಲ ನಮ್ಮ ಕುಲುಮೆಯ ಬಾಗಿಲಿಗೆ ಬಂತು. ಆಗುಂಬೆ ಕಡೆಯ ಒಂದು ಹೋಂಸ್ಟೇಗೆ ಮೇ ತಿಂಗಳಲ್ಲಿ 24 ಕೊಕ್ಕೆ ಮಾಡಿಕೊಟ್ಟಿದ್ದೆ. ಕೊಡೆ, ರೈನ್‌ಕೋಟು, ಬ್ಯಾಗು ತೂಗುಹಾಕೋಕೆ. 8 ಮಿ.ಮೀ. ಚೌಕ ಸರಳು, ಹುರಿ ಹಾಕಿದ ಮೈ, ಜರಿಗಿಡದ ಚಿಗುರಿನ ಹಾಗೆ ಸುರುಳಿ ಸುತ್ತಿದ ತುದಿ, ಮೇಲೊಂದು ಕೆಸುವಿನ ಎಲೆ. ಫೋಟೋದಲ್ಲಿ ಚೆಂದ ಬಂದಿತ್ತು. ಒಂದೇ ಮಳೆಗಾಲಕ್ಕೆ ಅದರಲ್ಲಿ ಒಂಬತ್ತು ವಾಪಸ್.

"ಆಚಾರ್ರೇ, ಜಗಳಕ್ಕೆ ಬಂದಿದ್ದಲ್ಲ. ಏನಾಯ್ತು ಅಂತ ನೋಡಿ, ಅಷ್ಟೇ" ಅಂದರು ಹೋಂಸ್ಟೇಯವರು. ಜಗಳ ಆಡಿದ್ದರೇ ವಾಸಿ ಇತ್ತು.

ಚೀಲ ಸುರಿದು ಬೆಂಚಿನ ಮೇಲೆ ಜೋಡಿಸಿದೆ. ಮೂರು ಬಾಯಿ ಬಿಟ್ಟಿದ್ದವು. ಒಂದು ಎರಡು ತುಂಡು. ಒಂದರ ಎಲೆ ತೊಟ್ಟಿನಲ್ಲಿ ಕಳಚಿತ್ತು. ಒಂದರ ತುದಿ ಸೀಳಿ ಯಾರದೋ ರೈನ್‌ಕೋಟು ಹರಿದಿತ್ತು. ಎರಡಕ್ಕೆ ತುಕ್ಕು. ಒಂಬತ್ತನೆಯದು ಹೊಸದರ ಹಾಗೇ ಇತ್ತು, ಆದರೆ ಸ್ಕ್ರೂ ಸಮೇತ ಗೋಡೆಯ ಮಣ್ಣಿನ ಹೆಂಟೆಯನ್ನೂ ಹೊತ್ತುಕೊಂಡು ಬಂದಿತ್ತು.

ಅಕ್ಕನ ಮಗ ನನ್ನ ಜೊತೆ ಕೆಲಸ ಕಲಿಯುತ್ತಿದ್ದಾನೆ. ಬಾಯಿ ಬಿಟ್ಟ ಕೊಕ್ಕೆ ಒಂದನ್ನು ಇಕ್ಕಳದಲ್ಲಿ ಹಿಡಿದು ಆಗಲೇ ಬೆಂಕಿಯ ಕಡೆ ಹೊರಟಿದ್ದ. "ಕಾಯಿಸಿ ಬಗ್ಗಿಸಿದ್ರೆ ಆಯ್ತಲ್ಲ ಮಾವ?" ಆಗುತ್ತದೆ. ಮುಂದಿನ ಮಳೆಗೆ ಮತ್ತೆ ಬಿಚ್ಚುತ್ತದೆ, ಅಷ್ಟೇ.

ಹಾಗಾಗಿ ಮೊದಲ ಮಾತು ಇದು. ಕೆಟ್ಟು ಬಂದ ಕೊಕ್ಕೆಯನ್ನು ತಕ್ಷಣ ಕುಲುಮೆಗೆ ಹಾಕಬೇಡಿ. ಮುರಿದ ಮುಖ, ಅದರ ಬಣ್ಣ, ಬಾಗಿದ ಜಾಗ ಎಲ್ಲ ಸಾಕ್ಷಿ. ಒಂದು ಸಲ ಕೆಂಪಗೆ ಕಾಯಿಸಿದರೆ ಅಷ್ಟೂ ಅಳಿಸಿ ಹೋಗುತ್ತದೆ. ನಮ್ಮ ಕೆಲಸದಲ್ಲಿ ಕೆಟ್ಟದ್ದು ಕಾಣುವ ಹೊತ್ತೇ ಬೇರೆ, ಕೆಡಿಸಿದ ಹೊತ್ತೇ ಬೇರೆ. ಸರಳನ್ನು ಒಂದು ಸಲ ಕಾಯಿಸಿ ಬಡಿಯುವುದಕ್ಕೆ ಒಂದು ಕಾವು ಅನ್ನುತ್ತೇವೆ. ಕೆಡಿಸಿದ್ದು ಯಾವಾಗಲೂ ಅದಕ್ಕಿಂತ ಒಂದೋ ಎರಡೋ ಕಾವು ಹಿಂದೆ ಇರುತ್ತದೆ. ಆ ಕಾವನ್ನು ಹುಡುಕಬೇಕು.

ಬಾಯಿ ಬಿಟ್ಟ ಕೊಕ್ಕೆ

ಹೆಚ್ಚು ಬರುವ ದೂರು ಇದೇ. "ಕಬ್ಬಿಣ ಸರಿಯಿಲ್ಲ" ಅನ್ನುತ್ತಾರೆ. ನೂರಕ್ಕೆ ತೊಂಬತ್ತು ಸಲ ಕಬ್ಬಿಣ ಸರಿಯೇ ಇರುತ್ತದೆ ಅಂತ ನನ್ನ ಅಂದಾಜು.

ಮೊದಲು ಎಲ್ಲಿ ಬಿಚ್ಚಿದೆ ಅಂತ ನೋಡಿ. ಹೊರೆ ಕೂರುವುದು ಕೊಕ್ಕೆಯ ತಳದಲ್ಲಿ, ಆದರೆ ಬಿಚ್ಚುವುದು ಅಲ್ಲಲ್ಲ. ಗೋಡೆಗೆ ಸ್ಕ್ರೂ ಹಾಕುವ ಪಟ್ಟಿಯಿಂದ ಸರಳು ಮುಂದಕ್ಕೆ ಬಾಗಲು ಶುರುವಾಗುತ್ತದಲ್ಲ, ಆ ಬೆನ್ನಿನಲ್ಲಿ. ಹೊರೆಯಿಂದ ಅಡ್ಡಕ್ಕೆ ಅತಿ ದೂರ ಇರುವ ಜಾಗ ಅದು, ಸನ್ನೆಯ ಒತ್ತಡ ಪೂರ್ತಿ ಅಲ್ಲೇ ಬೀಳುತ್ತದೆ. ನಮ್ಮ ಮೂರೂ ಕೊಕ್ಕೆ ಬೆನ್ನಿನಲ್ಲೇ ನೆಟ್ಟಗಾಗಿದ್ದವು.

ಕ್ಯಾಲಿಪರ್ ಹಿಡಿದು ಅಳೆದೆ. ಮೇಲೆ ಪಟ್ಟಿಯ ಹತ್ತಿರ 8 ಮಿ.ಮೀ. ಸರಿಯಾಗಿತ್ತು. ಬೆನ್ನಿನಲ್ಲಿ ಆರೂವರೆ. ಒಂದೂವರೆ ಮಿಲಿಮೀಟರ್ ಎಲ್ಲಿ ಹೋಯಿತು? ಬಗ್ಗಿಸುವಾಗ ಅಡಿಗಲ್ಲಿನ (ಸರಳನ್ನು ಇಟ್ಟು ಬಡಿಯುವ ಕಬ್ಬಿಣದ ದಿಮ್ಮಿ) ಕೊಂಬಿಗೆ ಸರಳನ್ನು ಒತ್ತಿ ಹಿಡಿದು ಅದರ ಮೇಲೇ ಸುತ್ತಿಗೆ ಹಾಕಿದ್ದೆ. ಕೆಳಗೆ ಕಬ್ಬಿಣ, ಮೇಲೆ ಕಬ್ಬಿಣ, ನಡುವೆ ಕೆಂಪು ಸರಳು. ಅದು ಬಾಗುವುದಕ್ಕಿಂತ ಜಾಸ್ತಿ ಚಪ್ಪಟೆಯಾಗುತ್ತದೆ.

ಒಂದೂವರೆ ಮಿಲಿಮೀಟರ್ ತಾನೇ ಅನ್ನಬೇಡಿ. ಚೌಕ ಸರಳು ಬಾಗದೆ ತಡೆಯುವ ಬಲ ಅದರ ದಪ್ಪದ ಘನದ ಲೆಕ್ಕದಲ್ಲಿ ಏರಿಳಿಯುತ್ತದೆ. 8ರ ಘನ 512. ಆರೂವರೆಯ ಘನ ಸುಮಾರು 275. ಅಂದರೆ ಎರಡೂ ದಿಕ್ಕಿನಲ್ಲಿ ಅಷ್ಟು ತೆಳ್ಳಗಾದರೆ ಅರ್ಧಕ್ಕಿಂತ ಚೂರು ಜಾಸ್ತಿ ಬಲ ಮಾತ್ರ ಉಳಿಯುತ್ತದೆ, ಒಂದೇ ದಿಕ್ಕಿನಲ್ಲಾದರೆ ನಷ್ಟ ಅದಕ್ಕಿಂತ ಕಡಿಮೆ. ಇದೇ ಲೆಕ್ಕ ನಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. 8ರ ಬದಲು 10 ಮಿ.ಮೀ. ಸರಳು ಹಿಡಿದರೆ ಬಲ ಹತ್ತಿರ ಹತ್ತಿರ ಎರಡು ಪಟ್ಟು. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಬಗ್ಗಿಸುವಾಗ ಪೆಟ್ಟು ಗಾಳಿಯ ಮೇಲೆ ಬೀಳಬೇಕು. ಸರಳು ಕೊಂಬಿಗೆ ತಾಗುವ ಜಾಗವನ್ನು ಬಿಟ್ಟು ಒಂದು ಬೆರಳು ಆಚೆ, ಕೆಳಗೆ ಏನೂ ಇಲ್ಲದ ಕಡೆ ಹೊಡೆಯಿರಿ. ಸದ್ದಿನಲ್ಲೇ ಗೊತ್ತಾಗುತ್ತದೆ. "ಟಣ್" ಅಂದರೆ ಅಡಿಗಲ್ಲಿಗೆ ಬಿತ್ತು, ಸರಳು ತೆಳ್ಳಗಾಯಿತು. "ದಪ್" ಅಂದರೆ ಬಾಗಿತು. ಕಮಾನಿನಲ್ಲಿ ಅಲ್ಲಲ್ಲಿ ಚಪ್ಪಟೆ ತಟ್ಟು ಕಂಡರೂ ಇದೇ ಕಾರಣ.

ಬೆನ್ನಿಗೆ ಬಲ ಕೊಡುವ ಇನ್ನೊಂದು ದಾರಿ ಅಪ್ಪಯ್ಯ ಮಾಡುತ್ತಿದ್ದದ್ದು. ಬಗ್ಗಿಸಿ ಮುಗಿದ ಮೇಲೆ ಮತ್ತೊಮ್ಮೆ ಬೆನ್ನನ್ನು ಮಾತ್ರ ಕಾಯಿಸಿ, ಕೊಕ್ಕೆಯನ್ನು ಅಡಿಗಲ್ಲಿನ ಮೇಲೆ ಮಗ್ಗುಲಾಗಿ ಮಲಗಿಸಿ ನಾಲ್ಕು ಪೆಟ್ಟು. 8 ಮಿ.ಮೀ. ಇದ್ದದ್ದು ಅಡ್ಡಕ್ಕೆ 6ಕ್ಕೆ ಇಳಿಯುತ್ತದೆ, ಹೊರೆ ಎಳೆಯುವ ದಿಕ್ಕಿನಲ್ಲಿ ಹತ್ತೂವರೆಯಷ್ಟು ಅಗಲವಾಗುತ್ತದೆ. ಕಬ್ಬಿಣ ಅಷ್ಟೇ, ಬಲ ಹತ್ತಿರ ಮೂರನೇ ಒಂದು ಪಾಲು ಜಾಸ್ತಿ. ಕ್ರೇನಿನ ಕೊಕ್ಕೆ ಗಮನಿಸಿದ್ದೀರಾ? ಬೆನ್ನು ಅಗಲ, ಮಗ್ಗುಲು ಕಿರಿದು. ಇದೇ ಉಪಾಯ. ಅಪ್ಪಯ್ಯ ಕ್ರೇನ್ ನೋಡಿದ್ದು ಎಷ್ಟೋ ವರ್ಷ ಆದಮೇಲೆ, ಅದೂ ಭದ್ರಾವತಿಯಲ್ಲಿ. ಒಂದು ಎಚ್ಚರಿಕೆ: ಹೀಗೆ ತಟ್ಟಿದಾಗ ಕಮಾನು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಿತ್ರದ ಮೇಲೆ ಇಟ್ಟು ನೋಡಿ, ಮತ್ತೆ ಒಳಕ್ಕೆ ತನ್ನಿ.

ಉಳಿದದ್ದು ಚಿತ್ರ ಬರೆಯುವಾಗಲೇ ಆದ ತಪ್ಪು, ಕುಲುಮೆಯದ್ದಲ್ಲ. ನನ್ನ ಕೊಕ್ಕೆಯ ತಳ ದೋಸೆಕಲ್ಲಿನ ಹಾಗೆ ಸಪಾಟಾಗಿತ್ತು. ಬ್ಯಾಗಿನ ಪಟ್ಟಿ ಜಾರಿ ತುದಿಗೆ ಹೋಗಿ ಕೂರುತ್ತಿತ್ತು. ಗೋಡೆಯಿಂದ 3 ಸೆಂ.ಮೀ. ದೂರ ಇರಬೇಕಾದ ಹೊರೆ 6 ಸೆಂ.ಮೀ. ಆಚೆ ಹೋದರೆ ಬೆನ್ನಿನ ಮೇಲಿನ ಒತ್ತಡ ಎರಡು ಪಟ್ಟು. ಕೊಕ್ಕೆಯ ಅತಿ ತಗ್ಗು ಜಾಗ ಗೋಡೆಯ ಹತ್ತಿರ ಇರಲಿ. ಏನು ತೂಗಿದರೂ ತಾನಾಗಿ ಅಲ್ಲಿಗೇ ಜಾರಿ ನಿಲ್ಲಬೇಕು. ಸರಳನ್ನು ಸಣ್ಣ ಮಾಡುವುದು ತಳ ದಾಟಿದ ಮೇಲೆ ಶುರುವಾಗಲಿ. ಸಕ್ರೆಬೈಲಿನಲ್ಲಿ ಆನೆ ಸೊಂಡಿಲಲ್ಲಿ ಹುಲ್ಲು ಎತ್ತುವುದನ್ನು ಹತ್ತು ನಿಮಿಷ ನೋಡಿ ಬನ್ನಿ. ದಪ್ಪ ಎಲ್ಲಿರಬೇಕು, ಸಪೂರ ಎಲ್ಲಿರಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂದಹಾಗೆ, ಕೊಡೆಗೆ ಅಂತ ಮಾಡಿಸಿದ ಆ ಮೂರರಲ್ಲಿ ಒಂದಕ್ಕೆ ಅವರು ಬಾಳೆಗೊನೆ ತೂಗುಹಾಕಿದ್ದರಂತೆ. ಮಲೆನಾಡಿನ ಮನೆಯಲ್ಲಿ ಕೊಕ್ಕೆ ಕಂಡರೆ ಗೊನೆ ಬಂದೇ ಬರುತ್ತದೆ. ಅದನ್ನು ನಾನೇ ಮೊದಲೇ ಎಣಿಸಬೇಕಿತ್ತು. ಆದರೆ ಉಯ್ಯಾಲೆಗೆ ಇಂಥ ಕೊಕ್ಕೆ ಕೇಳಿದರೆ ಮಾತ್ರ ಕೊಡುವುದಿಲ್ಲ. ಮನುಷ್ಯರು ಕೂರುವ ಕಡೆ ಬಾಯಿ ತೆರೆದ ಕೊಕ್ಕೆಗೆ ಕೆಲಸವಿಲ್ಲ.

ಎರಡು ತುಂಡಾದದ್ದು

ಮೆತು ಉಕ್ಕು (ಮೈಲ್ಡ್ ಸ್ಟೀಲ್) ಬಾಗುತ್ತದೆ, ತುಂಡಾಗುವುದಿಲ್ಲ. ಹಾಗಾಗಿ ಕೊಕ್ಕೆ ಪಟ್ಟನೆ ಮುರಿದಿದೆ ಅಂದರೆ ಮೂರು ಅನುಮಾನ ಬರಬೇಕು. ಕಬ್ಬಿಣವೇ ಬೇರೆ, ಅಥವಾ ಸುಟ್ಟುಹೋಗಿದೆ, ಅಥವಾ ಮೊದಲೇ ಬಿರುಕು ಇತ್ತು.

ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ನಮ್ಮದು ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು, ಅಂಚಿನಿಂದ ಅಂಚಿನವರೆಗೆ ಒಂದೇ ಬಣ್ಣ. ಅರ ಹಾಕಿದೆ. ಅರ ಕಚ್ಚಲಿಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಗ್ರೈಂಡರಿಗೆ ತಾಗಿಸಿದೆ. ಮೆತು ಉಕ್ಕಿನ ಕಿಡಿ ಉದ್ದಕ್ಕೆ ನೆಟ್ಟಗೆ ಹೋಗುತ್ತದೆ, ಕೊನೆಯಲ್ಲಿ ಅಲ್ಲೊಂದು ಇಲ್ಲೊಂದು ಕವಲು ಅಷ್ಟೇ. ಇದು ದೀಪಾವಳಿಯ ಸುರುಸುರು ಬತ್ತಿ. ಕಿಡಿಗೆ ಕಿಡಿ ಒಡೆದು ನಕ್ಷತ್ರ.

ಹುಡುಗನ ಮುಖ ನೋಡಿದೆ. "8 ಮಿ.ಮೀ. ಸರಳು ಒಂದು ಕಡಿಮೆ ಬಿದ್ದಿತ್ತು ಮಾವ. ಮೂಲೆಯಲ್ಲಿ ಒಂದು ಪಟ್ಟಿ ಇತ್ತು..." ಅದು ಜೀಪಿನ ಸ್ಪ್ರಿಂಗ್ ಪ್ಲೇಟು. ಕತ್ತಿ ಮಾಡಿ ಉಳಿದ ಚೂರು. ಮೆತು ಉಕ್ಕಿನಲ್ಲಿ ಇಂಗಾಲ ನೂರಕ್ಕೆ 0.2ರ ಆಸುಪಾಸು, ಸ್ಪ್ರಿಂಗಿನಲ್ಲಿ ಅದರ ಎರಡೂವರೆ ಮೂರು ಪಟ್ಟು. ಅದನ್ನು ಕೆಂಪಗೆ ಇರುವಾಗ ನೀರಿಗೆ ಅದ್ದಿದರೆ ಗಾಜಾಗುತ್ತದೆ. ನಾವು ಎಲ್ಲ ಕೊಕ್ಕೆಗೂ ಮಾಡುವ ಹಾಗೆ ಅದನ್ನೂ ನೀರಿನ ಬಾನಿಗೆ ಅದ್ದಿ ಚುಯ್ ಅನ್ನಿಸಿದ್ದೆವು. ಕತ್ತಿಗಾದರೆ ಆಮೇಲೆ ಮತ್ತೆ ಸ್ವಲ್ಪ ಕಾಯಿಸಿ ಹದ ಇಳಿಸುತ್ತೇವೆ. ಕೊಕ್ಕೆಗೆ ಯಾರು ಇಳಿಸುತ್ತಾರೆ?

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಕತ್ತಿಯ ಚೂರು, ಕೊಕ್ಕೆಯ ಸರಳು ಎರಡನ್ನೂ ಒಂದೇ ಮೂಲೆಯಲ್ಲಿ ಒರಗಿಸಿಟ್ಟವನು ನಾನು. ಈಗ ಸ್ಪ್ರಿಂಗಿನ ಚೂರಿಗೆಲ್ಲ ಕೆಂಪು ಬಣ್ಣದ ಗೆರೆ ಎಳೆದಿದ್ದೇವೆ. ಕಬ್ಬಿಣ ಯಾವುದು ಅಂತ ಅನುಮಾನ ಬಂದರೆ ಸಣ್ಣ ಚೂರು ಕಾಯಿಸಿ, ನೀರಿಗೆ ಅದ್ದಿ, ವೈಸಿಗೆ ಸಿಕ್ಕಿಸಿ ಹೊಡೆಯಿರಿ. ಬಾಗಿದರೆ ಕೊಕ್ಕೆಗೆ ಆಯಿತು. ಮುರಿದರೆ ಕತ್ತಿಗೆ ಇರಲಿ. ಸ್ಪ್ರಿಂಗಿನಲ್ಲೇ ಕೊಕ್ಕೆ ಮಾಡಲೇಬೇಕು ಅಂತಾದರೆ ನೀರು ತೋರಿಸಬೇಡಿ, ಒಣ ಬೂದಿಯಲ್ಲಿ ಹೂತು ನಿಧಾನಕ್ಕೆ ಆರಲು ಬಿಡಿ.

ಮನೆ ಕಟ್ಟಿ ಉಳಿದ ಟಿಎಂಟಿ ಸರಳು ತಂದು "ಇದರಲ್ಲೇ ಮಾಡಿಕೊಡಿ" ಅನ್ನುವವರು ಜಾಸ್ತಿ. ಅದರ ಮೈಮೇಲಿನ ಏಣುಗಳು ಬಡಿಯುವಾಗ ಮಡಚಿ ಒಳಗೆ ಸೇರುತ್ತವೆ. ಆಗ ಕೂದಲೆಳೆಯ ಗೆರೆ, ಹುರಿ ಹಾಕಿದಾಗ ಅದೇ ಬಿರುಕು. ಕಾರ್ಖಾನೆಯಲ್ಲಿ ನೀರು ಹಾಯಿಸಿ ಕೊಟ್ಟ ಹೊರಮೈಯ ಗಡಸುತನವೂ ನಮ್ಮ ಬೆಂಕಿಗೆ ಹೋಗಿಬಿಡುತ್ತದೆ. ಮೇಲೆ 500 ಅಂತ ಅಚ್ಚು ಇದ್ದರೂ ಆಮೇಲೆ ಅದನ್ನು ನಂಬುವ ಹಾಗಿಲ್ಲ. ಸತು ಬಳಿದ ಜಿಐ ಪೈಪು, ಸರಳನ್ನಂತೂ ಕುಲುಮೆಯ ಹತ್ತಿರವೂ ತರಬೇಡಿ. ಸತು 907 ಡಿಗ್ರಿಗೆ ಕುದಿಯುತ್ತದೆ, ನಮ್ಮ ಬೆಂಕಿ ಅದನ್ನು ಸುಲಭವಾಗಿ ದಾಟುತ್ತದೆ. ಆ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ.

ಇನ್ನು ಸುಟ್ಟ ಕಬ್ಬಿಣ. ಇದರ ಮುರಿದ ಮುಖ ಮಿನುಗುವುದಿಲ್ಲ. ಮಂಕಾಗಿ, ಒರಟಾಗಿ, ರವೆ ಉಂಡೆ ಒಡೆದ ಹಾಗೆ ಇರುತ್ತದೆ. ಹೊರಮೈಯಲ್ಲಿ ಗುಳಿಗುಳಿ. ಬೆಂಕಿಯಲ್ಲಿದ್ದಾಗ ಸರಳಿನಿಂದಲೇ ಬಿಳಿ ಕಿಡಿ ಹಾರಿದ್ದರೆ ಮುಗಿಯಿತು, ಆ ತುಂಡು ಕತ್ತರಿಸಿ ಎಸೆಯಬೇಕು. ಬಡಿದು ಸರಿಮಾಡಲು ಆಗುವುದಿಲ್ಲ.

ಇಲ್ಲಿ ನಮ್ಮೂರಿನದೇ ಒಂದು ಮೋಸ ಇದೆ. ಬಣ್ಣ ನೋಡಿ ಬಿಸಿ ಅಳೆಯುವವರು ನಾವು. ಪುಷ್ಯ ಮಳೆಯ ಹೊತ್ತಿಗೆ ಕುಲುಮೆಯೊಳಗೆ ಮಧ್ಯಾಹ್ನ ಮೂರಕ್ಕೇ ಕತ್ತಲು. ಮಂದ ಕೆಂಪೂ ಕೆಂಡದ ಹಾಗೆ ಹೊಳೆಯುತ್ತದೆ. ಏಪ್ರಿಲ್, ಮೇನಲ್ಲಿ ಬಾಗಿಲು ತೆರೆದಿರುತ್ತದೆ, ಬಿಸಿಲು ಅಡಿಗಲ್ಲಿನ ತನಕ ಬರುತ್ತದೆ. ಅದೇ ಬಿಸಿ ಆಗ ಕಾಣುವುದೇ ಇಲ್ಲ. ಇನ್ನೂ ಕಾದಿಲ್ಲ ಅಂತ ಬ್ಲೋವರ್ ತಿರುವುತ್ತೇವೆ. ಆ 24 ಕೊಕ್ಕೆ ಮಾಡಿದ್ದು ಮೇ ತಿಂಗಳಲ್ಲಿ. ಈಗ ಬಾಗಿಲಿಗೆ ಗೋಣಿ ಇಳಿಬಿಟ್ಟಿದ್ದೇನೆ. ಕಣ್ಣಿನ ಮೇಲೆ ನಂಬಿಕೆ ಸಾಲದಿದ್ದರೆ ತಂತಿಗೆ ಕಟ್ಟಿದ ಅಯಸ್ಕಾಂತ ಇಟ್ಟುಕೊಳ್ಳಿ. 770 ಡಿಗ್ರಿ ದಾಟಿದರೆ ಕಬ್ಬಿಣ ಅದಕ್ಕೆ ಅಂಟುವುದಿಲ್ಲ. ಆ ಹೊತ್ತಿನ ಬಣ್ಣವನ್ನು ನೆನಪಿಟ್ಟುಕೊಂಡು ಅಲ್ಲಿಂದ ಮೇಲಕ್ಕೆ ಲೆಕ್ಕ ಹಾಕಿ. ಬಡಿಯಲು ಕಿತ್ತಳೆಯಿಂದ ಹಳದಿ, ಬಗ್ಗಿಸಲು ಕೆಂಪು ಕಿತ್ತಳೆ ಸಾಕು.

ಕೆಂಪು ಆರಿದ ಮೇಲೆ ಇನ್ನೊಂದು ಅಪಾಯ. 200ರಿಂದ 300 ಡಿಗ್ರಿಯ ನಡುವೆ ಉಕ್ಕಿಗೆ ಬಾಗುವ ಗುಣ ಕಡಿಮೆ. ಅರದಿಂದ ಉಜ್ಜಿದ ಮೈ ನೀಲಿಗಟ್ಟುವ ಬಿಸಿ ಅದು. "ಚೂರೇ ಚೂರು ಓರೆ ಇದೆ" ಅಂತ ಕಪ್ಪಾದ ಕೊಕ್ಕೆಗೆ ಕೊನೆಯ ಪೆಟ್ಟು ಕೊಡುತ್ತೇವಲ್ಲ, ಬಿರುಕು ಹುಟ್ಟುವುದು ಆಗ. ಒಂದೋ ಮತ್ತೆ ಕಾಯಿಸಿ, ಇಲ್ಲವೇ ಪೂರ್ತಿ ತಣ್ಣಗಾಗಲು ಬಿಡಿ.

ಕಳಚಿದ ಕೆಸುವಿನ ಎಲೆ

ಇದರ ಮುರಿದ ಮುಖ ನೋಡಿದಾಗ ನನಗೇ ನಾಚಿಕೆಯಾಯಿತು. ಮುಖದ ಅರ್ಧ ಕಪ್ಪು, ಕಾಲು ಭಾಗ ಕಂದು, ಉಳಿದ ಕಾಲು ಬೆಳ್ಳಗೆ ಹೊಳಪು. ಇದನ್ನು ಓದುವುದು ಸುಲಭ. ಹೊಳಪಿನ ಭಾಗ ಕೊನೆಗೆ ಮುರಿದದ್ದು. ಕಂದು ಭಾಗ ತುಕ್ಕು, ಅಂದರೆ ಗೋಡೆಗೆ ಹೋದ ಮೇಲೆ ಬಿರುಕು ಬೆಳೆದು ನೀರು ಇಳಿದಿದೆ. ಕಪ್ಪು ಭಾಗ ಮಾತ್ರ ಬೆಂಕಿಯ ಹಕ್ಕಳೆ, ಅಂದರೆ ಕಾದ ಕಬ್ಬಿಣದ ಮೈಮೇಲೆ ಕಟ್ಟುವ ಕಪ್ಪು ಪೊರೆ. ಅದು ಬರಬೇಕಾದರೆ ಕೆಂಪಗೆ ಕಾದಿರುವಾಗಲೇ ಅಲ್ಲಿ ಸೀಳು ಇರಬೇಕು. ಅಂದರೆ ಎಲೆ ನನ್ನ ಅಡಿಗಲ್ಲಿನ ಮೇಲೇ ಅರ್ಧ ಕಳಚಿತ್ತು. ನಾನು ಬಣ್ಣ ಬಳಿದು ಕಳಿಸಿದ್ದೆ.

ಎಲೆಗೆ ತೊಟ್ಟು ತೆಗೆಯುವಾಗ ಸರಳನ್ನು ಅಡಿಗಲ್ಲಿನ ಅಂಚಿಗೆ ಇಟ್ಟು, ಸುತ್ತಿಗೆಯ ಅರ್ಧ ಮುಖ ಒಳಗೆ, ಅರ್ಧ ಹೊರಗೆ ಬೀಳುವ ಹಾಗೆ ಹೊಡೆದು ಮೆಟ್ಟಿಲು ಮಾಡುತ್ತೇವೆ. ಅಂಚು ಚೂಪಾಗಿದ್ದರೆ ಮೆಟ್ಟಿಲಿನ ಮೂಲೆಯೂ ಚೂಪು. ಮುಂದಿನ ಪೆಟ್ಟಿಗೆ ಆ ಮೂಲೆಯ ಮೇಲೆ ಕಬ್ಬಿಣ ಮಡಚಿ ಬೀಳುತ್ತದೆ. ಒಳಗೆ ಹಕ್ಕಳೆ ಇರುವುದರಿಂದ ಬೆಸೆಯುವುದಿಲ್ಲ. ಹೊರಗಿನಿಂದ ನೋಡಿದರೆ ಪೆನ್ಸಿಲ್ ಗೆರೆಯಷ್ಟೇ.

ಅಡಿಗಲ್ಲಿನ ಒಂದು ಅಂಚಿನಲ್ಲಿ ಗೇಣುದ್ದ ಜಾಗವನ್ನು ಗ್ರೈಂಡರಿನಿಂದ ಉರುಟು ಮಾಡಿಟ್ಟುಕೊಳ್ಳಿ, ಕಿರುಬೆರಳಿನ ತುದಿಯಷ್ಟು. ತೊಟ್ಟು ತೆಗೆಯುವುದು ಅಲ್ಲಿ ಮಾತ್ರ. ಪ್ರತಿ ಸಲವೂ ಸರಳು ಅದೇ ಗುರುತಿಗೆ ಬಂದು ಕೂರಲಿ. ಪೆನ್ಸಿಲ್ ಗೆರೆ ಕಂಡರೆ ಅಲ್ಲೇ ನಿಲ್ಲಿಸಿ, ತಣ್ಣಗೆ ಮಾಡಿ, ಗೆರೆ ಮಾಯವಾಗುವ ತನಕ ಅರ ಹಾಕಿ. ಬಡಿದು ಮುಚ್ಚಲು ಹೋದರೆ ಒಳಕ್ಕೆ ಇಳಿಯುತ್ತದೆ.

ಎಲೆ ತೆಳು, ತೊಟ್ಟು ಸಪೂರ, ಅವು ಸರಳಿಗಿಂತ ಬೇಗ ಕಾಯುತ್ತವೆ. ಹಿಂದಿನ ದಪ್ಪ ಭಾಗ ಕೆಂಪಾಗಲಿ ಅಂತ ಕಾಯುತ್ತಾ ನಿಂತರೆ ಎಲೆಯ ಅಂಚು ಉರಿದುಹೋಗುತ್ತದೆ. ಎಲೆಯನ್ನು ಬೆಂಕಿ ದಾಟಿಸಿ ಆಚೆ ಇಡಿ, ಆಗಾಗ ಚೊಂಬಿನಿಂದ ನೀರು ಬಿಡಿ. ಮೆತು ಉಕ್ಕಾದರೆ ಇದರಿಂದ ತೊಂದರೆ ಇಲ್ಲ. ನರಗಳನ್ನು ಚಾಣದಿಂದ ಕೊರೆಯುವಾಗ ನಡುನರ ತೊಟ್ಟಿನೊಳಗೆ ಇಳಿಯದಿರಲಿ, ಅದೂ ಸೀಳಿಗೆ ದಾರಿ.

ಕಲ್ಲಿದ್ದಲು ಬಳಸುವವರು ಒಂದು ಮಾತು ಕೇಳಿ. ಗಂಧಕ ಜಾಸ್ತಿ ಇರುವ ಕಲ್ಲಿದ್ದಲಿನಲ್ಲಿ ಕಬ್ಬಿಣ ಕೆಂಪಗಿರುವಾಗಲೇ ಪುಡಿಪುಡಿ ಬಿರುಕು ಬಿಡುತ್ತದೆ. ನಾನು ತೆಂಗಿನ ಚಿಪ್ಪಿನ ಇದ್ದಿಲು ಬಳಸುತ್ತೇನೆ, ಆ ಕಾಟವಿಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ್ದೂ ಮಲೆನಾಡಿನ ಕಾಡಿನ ಇದ್ದಿಲಿನಿಂದಲೇ. ಆದರೆ ಮಳೆಗಾಲದಲ್ಲಿ ಇದ್ದಿಲು ಥಂಡಿ ಹಿಡಿಯುತ್ತದೆ. ಬೆಂಕಿ ಏಳುವುದು ನಿಧಾನ, ಸರಳು ಒಳಗೆ ಇರುವುದು ಜಾಸ್ತಿ ಹೊತ್ತು, ಹಕ್ಕಳೆ ದಪ್ಪ. ಅಡುಗೆ ಒಲೆಯ ಅಟ್ಟದ ಮೇಲೆ ಎರಡು ದಿನ ಒಣಗಿಸಿ ತನ್ನಿ.

ಸೀಳಿದ ತುದಿ

ಜರಿಗಿಡದ ಸುರುಳಿಗೆ ಮೊದಲು ಸರಳನ್ನು ಚೂಪು ಮಾಡಬೇಕು. ಹುಡುಗ ಹೇಗೆ ಮಾಡುತ್ತಾನೆ ಅಂತ ನೋಡೋಣ ಅಂತ ಹಿಂದೆ ನಿಂತೆ. ಸಣ್ಣ ಸುತ್ತಿಗೆ, ಟಕಟಕ ಟಕಟಕ. ಕಿತ್ತಳೆ ಹೋಗಿ ಕೆಂಪಾಯಿತು, ಕೆಂಪು ಹೋಗಿ ಕಪ್ಪಾಗುತ್ತಾ ಬಂತು, ಟಕಟಕ ನಿಲ್ಲಲಿಲ್ಲ. "ಚೂಪಾಗ್ತಾ ಇದೆ ಅಲ್ವಾ ಮಾವ?" ಅಂದ.

"ತುದಿ ಈಚೆ ತಿರುಗಿಸು."

ತುದಿ ಚೂಪಾಗಿರಲಿಲ್ಲ. ಮೀನಿನ ಬಾಯಿಯ ಹಾಗೆ ನಡುವೆ ಗುಳಿ ಬಿದ್ದು, ಸುತ್ತ ತುಟಿ ಎದ್ದಿತ್ತು. ಹಗುರ ಪೆಟ್ಟು ಮೇಲ್ಮೈಯನ್ನು ಮಾತ್ರ ಮುಂದಕ್ಕೆ ತಳ್ಳುತ್ತದೆ, ಒಳಗಿನ ಕಬ್ಬಿಣ ಅಲ್ಲೇ ಉಳಿಯುತ್ತದೆ. ಆ ಬಾಯನ್ನು ಮುಚ್ಚಿ ಸುರುಳಿ ಸುತ್ತಿದರೆ ಒಳಗೆ ಸೀಳು ಹಾಗೇ ಇರುತ್ತದೆ. ನಾಲ್ಕು ತಿಂಗಳಿಗೆ ಅದು ತೆರೆದುಕೊಂಡು ರೈನ್‌ಕೋಟು ಹರಿಯುತ್ತದೆ.

ಬಾಯಿ ಬಿದ್ದಿದ್ದರೆ ಚಾಣದಿಂದ ಕತ್ತರಿಸಿ ತೆಗೆಯಿರಿ. ಮತ್ತೆ ಶುರು ಮಾಡುವಾಗ ಹಳದಿ ಬಿಸಿ, ದೊಡ್ಡ ಸುತ್ತಿಗೆ, ಕಡಿಮೆ ಪೆಟ್ಟು. ಮೊದಲು ಕೊನೆಯ ಒಂದು ಸೆಂಟಿಮೀಟರನ್ನು ಮಾತ್ರ ಮೊಂಡು ಚೂಪು ಮಾಡಿ, ಆಮೇಲೆ ಅಲ್ಲಿಂದ ಹಿಂದಕ್ಕೆ ಸಣ್ಣ ಮಾಡುತ್ತಾ ಬನ್ನಿ. ಚೌಕ ಚೌಕವಾಗಿಯೇ ಇಳಿಸಿ. ದುಂಡು ಬೇಕಿದ್ದರೂ ಮೊದಲು ಚೌಕ, ಆಮೇಲೆ ಎಂಟು ಮೂಲೆ, ಕೊನೆಗೆ ದುಂಡು. ದುಂಡಾಗಿಯೇ ತಟ್ಟುತ್ತಾ ಸಣ್ಣ ಮಾಡಲು ಹೋದರೆ ಒಳಗೆ ಟೊಳ್ಳು ಬೀಳುತ್ತದೆ. ನಡುವೆ ಚೌಕ ಓರೆಯಾಗಿ ಹರಳಿನ ಆಕಾರಕ್ಕೆ ತಿರುಗಿದರೆ ಚಪ್ಪಟೆ ಮುಖಕ್ಕೆ ಹೊಡೆಯಬೇಡಿ. ಉದ್ದ ಇರುವ ಎರಡು ಮೂಲೆಗಳನ್ನು ಮೇಲೆ ಕೆಳಗೆ ಮಾಡಿ, ಚೆನ್ನಾಗಿ ಕಾದಿರುವಾಗ ಹೊಡೆದು ಮೊದಲು ಚೌಕಕ್ಕೆ ತನ್ನಿ.

ಒಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಪೂರ್ತಿ ಚೂಪಾದ ತುದಿಗೆ ಬೇಕಾದ ಸರಳು ಆ ತುದಿಯ ಉದ್ದದ ಮೂರನೇ ಒಂದು ಪಾಲು. 9 ಸೆಂ.ಮೀ. ಚೂಪಿಗೆ 3 ಸೆಂ.ಮೀ. ಗುರುತು ಹಾಕಿ ಶುರುಮಾಡಿ. ಜೋಡಿ ಕೊಕ್ಕೆ ಒಂದು ಉದ್ದ ಒಂದು ಗಿಡ್ಡ ಆಗುವುದು ಈ ಗುರುತು ಹಾಕದೆ ಕಣ್ಣಂದಾಜಿಗೆ ಬಿಟ್ಟಾಗಲೇ.

ಹುರಿಯ ಬಗ್ಗೆ ಎರಡೇ ಮಾತು, ಏಕೆಂದರೆ ಅದು ಕೆಟ್ಟರೆ ಕುಲುಮೆಯಲ್ಲೇ ಕಾಣುತ್ತದೆ, ಗಿರಾಕಿಯ ತನಕ ಹೋಗುವುದಿಲ್ಲ. ಹುರಿ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಬಂದರೆ ಕೈ ತಪ್ಪಲ್ಲ, ಬಿಸಿ ಸಮ ಇರಲಿಲ್ಲ. ಜಾಸ್ತಿ ಕಾದ ಕಡೆ ಜಾಸ್ತಿ ತಿರುಗುತ್ತದೆ. ಬಿಗಿಯಾದ ಕಡೆಗೆ ನೀರು ಬಿಟ್ಟು ಸಡಿಲ ಇದ್ದ ಕಡೆ ಮತ್ತೆ ತಿರುವಿ. ಓರೆಯಾದರೆ ಮರದ ಕೊಡತಿಯಿಂದ ಮರದ ದಿಮ್ಮಿಯ ಮೇಲೆ ನೆಟ್ಟಗೆ ಮಾಡಿ. ಕಬ್ಬಿಣದ ಸುತ್ತಿಗೆ ಹಾಕಿದರೆ ಹುರಿಯ ಏಣು ಸತ್ತುಹೋಗುತ್ತದೆ.

ಗೋಡೆ ಹೊತ್ತು ತಂದ ಕೊಕ್ಕೆ

ಈ ಕೊಕ್ಕೆಗೆ ಏನೂ ಆಗಿರಲಿಲ್ಲ ಅಂದೆನಲ್ಲ. ಆದರೂ ತಪ್ಪು ಅರ್ಧ ನನ್ನದೇ.

ಹೊರೆ ಕೊಕ್ಕೆಯನ್ನು ಕೆಳಕ್ಕೆ ಮಾತ್ರ ಎಳೆಯುವುದಿಲ್ಲ. ಪಟ್ಟಿಯ ಕೆಳಗಿನ ಅಂಚು ಗೋಡೆಗೆ ಒತ್ತಿ ನಿಂತು, ಮೇಲಿನ ಸ್ಕ್ರೂ ಹೊರಕ್ಕೆ ಕಿತ್ತುಬರುತ್ತದೆ. ಗುದ್ದಲಿಯಿಂದ ಬೇರು ಮೀಟಿದ ಹಾಗೆ. ಗೋಡೆಯಿಂದ 6 ಸೆಂ.ಮೀ. ಆಚೆ 12 ಕಿಲೋ ತೂಗಿದೆ ಅಂತಿಟ್ಟುಕೊಳ್ಳಿ. ಪಟ್ಟಿಯ ಕೆಳಗಿನ ಅಂಚಿನಿಂದ ಮೇಲಿನ ಸ್ಕ್ರೂ 4 ಸೆಂ.ಮೀ. ಎತ್ತರದಲ್ಲಿದ್ದರೆ ಆ ಸ್ಕ್ರೂವಿಗೆ 18 ಕಿಲೋ ಎಳೆತ. ಅದೇ 9 ಸೆಂ.ಮೀ. ಎತ್ತರದಲ್ಲಿದ್ದರೆ 8 ಕಿಲೋ. ನಾನು ಎಲೆ ಚೆಂದ ಕಾಣಲಿ ಅಂತ ಪಟ್ಟಿಯನ್ನು ಗಿಡ್ಡ ಮಾಡಿದ್ದೆ. ಈಗ ಎಲೆಯನ್ನೇ ಉದ್ದ ಮಾಡಿ, ಮೇಲಿನ ತೂತು ಎಲೆಯ ನಡುನರದ ಮೇಲೆ, ಕೆಳಗಿನದು ಕೊಕ್ಕೆಯ ಬುಡದಲ್ಲಿ ಇಡುತ್ತೇನೆ. ಒಂದೇ ತೂತಿನ ಕೊಕ್ಕೆ ಮಾಡುವುದು ಬಿಟ್ಟಿದ್ದೇನೆ. ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಅದು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ.

ಇನ್ನರ್ಧ ತಪ್ಪು ಗೋಡೆಯದ್ದು. ಹಳೆಯ ಮನೆಗಳ ಗೋಡೆ ಮಣ್ಣಿನದು, ಕೆಲವು ಕಡೆ ಜಂಬಿಟ್ಟಿಗೆ. ಮೇಲೆ ಗಾರೆ ಎಷ್ಟೇ ನುಣುಪಾಗಿದ್ದರೂ ಒಳಗೆ ಸ್ಕ್ರೂವಿಗೆ ಹಿಡಿತವಿಲ್ಲ. ಪ್ಲಾಸ್ಟಿಕ್ ಪ್ಲಗ್ ಕೂಡ ಮಣ್ಣಿನಲ್ಲಿ ಸುಮ್ನೆ ಸುತ್ತುತ್ತದೆ. ಅಂಥ ಕಡೆ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹಲಸಿನ ಪಟ್ಟಿ ಹೊಡೆದು, ಕೊಕ್ಕೆಗಳನ್ನು ಪಟ್ಟಿಗೆ ಕೂರಿಸಿ. ಈ ಮಾತನ್ನು ಆರ್ಡರ್ ತಗೊಳ್ಳುವಾಗಲೇ ಕೇಳಿ: ಗೋಡೆ ಯಾವುದು?

ತುಕ್ಕು, ಮತ್ತು ತುಕ್ಕಲ್ಲದ ಕಪ್ಪು

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ. ಅಲ್ಲಿ ಜಗಲಿಯ ಕೊಕ್ಕೆಗೆ ತುಕ್ಕು ಬಂತು ಅಂದರೆ ಆಶ್ಚರ್ಯವಿಲ್ಲ. ಆದರೆ 24ರಲ್ಲಿ ಎರಡಕ್ಕೆ ಮಾತ್ರ ಯಾಕೆ?

ಮೊದಲನೆಯದನ್ನು ತಿರುಗಿಸಿದೆ. ಪಟ್ಟಿಯ ಹಿಂಬದಿಗೆ ಬಣ್ಣವೇ ಇರಲಿಲ್ಲ. ಬೆಂಚಿನ ಮೇಲೆ ಮಲಗಿಸಿ ಬಳಿದಿದ್ದೆವು, ಮುಖ ಒಣಗಿತು, ತಿರುಗಿಸಿ ಬಳಿಯುವುದು ಮರೆತುಹೋಯಿತು. ಗೋಡೆಗೂ ಪಟ್ಟಿಗೂ ನಡುವೆ ನೀರು ನಿಂತು ಅಲ್ಲಿಂದ ಕಂದು ಕಣ್ಣೀರು ಇಳಿದಿತ್ತು. ಈಗ ತಂತಿಯಲ್ಲಿ ನೇತುಹಾಕಿಯೇ ಬಳಿಯುವುದು, ಸ್ಕ್ರೂ ತೂತಿನ ಒಳಗೂ.

ಎರಡನೆಯದರಲ್ಲಿ ಬಣ್ಣ ಬಿಲ್ಲೆ ಬಿಲ್ಲೆಯಾಗಿ ಎದ್ದಿತ್ತು. ಬಿಲ್ಲೆ ಎತ್ತಿದರೆ ಅದರ ಹಿಂದೆ ಹಕ್ಕಳೆಯೂ ಅಂಟಿಕೊಂಡು ಬಂತು. ಬಣ್ಣ ಹಿಡಿದದ್ದು ಹಕ್ಕಳೆಯನ್ನು, ಹಕ್ಕಳೆ ಹಿಡಿದದ್ದು ಏನನ್ನೂ ಅಲ್ಲ. ಕೊನೆಯ ಕಾವಿನಲ್ಲಿ, ಇನ್ನೂ ಕೆಂಪಿರುವಾಗಲೇ ತಂತಿ ಬ್ರಷ್ಷಿನಿಂದ ಉಜ್ಜಿ ಉದುರಿಸಬೇಕು. ಹುರಿಯ ಸಂದಿಯಲ್ಲಿ ಉಳಿದರೆ ಒಂದು ರಾತ್ರಿ ವಿನೆಗರಿನಲ್ಲಿ ಮುಳುಗಿಸಿ, ಬೆಳಗ್ಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಬೆಂಕಿಯ ಮೇಲೆ ಒಣಗಿಸಿ. ಹೊರಗಿನ ಜಗಲಿಗೆ ಸತುವಿನ ಪ್ರೈಮರ್ ಎರಡು ಕೈ, ಮೇಲೆ ಕಪ್ಪು ಬಣ್ಣ. ಜೇನುಮೇಣ, ಅಗಸೆಎಣ್ಣೆಯ ಹೊಳಪು ನನಗೂ ಇಷ್ಟ, ಆದರೆ ಅದು ಒಳಮನೆಗೆ ಮಾತ್ರ. ಮೇಣ ಹಚ್ಚುವಾಗ ಕೊಕ್ಕೆಯಿಂದ ತೆಳು ಹೊಗೆ ಏಳಬೇಕು, ಉರಿ ಹತ್ತಬಾರದು. ಉರಿ ಹತ್ತಿದರೆ ಮಸಿ, ಹೊಗೆ ಬರದಿದ್ದರೆ ಅಂಟು. ಕೊಬ್ಬರಿ ಎಣ್ಣೆ ಬೇಡ. ಅದು ಅಗಸೆಎಣ್ಣೆಯ ಹಾಗೆ ಒಣಗಿ ಪೊರೆ ಕಟ್ಟುವುದಿಲ್ಲ, ಧೂಳು ಹಿಡಿದು ಕೂರುತ್ತದೆ.

ಹೋಂಸ್ಟೇಯವರು ಫೋಟೋ ತೋರಿಸಿ ಇನ್ನೊಂದು ದೂರು ಹೇಳಿದರು. ಮತ್ತಿ ಮರದ ಕಂಬಕ್ಕೆ ಹೊಡೆದ ಕೊಕ್ಕೆಯ ಸುತ್ತ ಮಸಿ ಚೆಲ್ಲಿದ ಹಾಗೆ ಕಪ್ಪು. ಅದು ತುಕ್ಕಲ್ಲ. ಹಿಂದಿನವರು ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ. ಮರದ ಒಗರು, ಒದ್ದೆ, ಬರಿ ಕಬ್ಬಿಣ ಮೂರೂ ಸೇರಿದರೆ ಕಂಬವೇ ಮಸಿಕುಡಿಕೆ. ಪಟ್ಟಿಯ ಬೆನ್ನಿಗೆ, ತೂತಿಗೆ ಬಣ್ಣ ಇದ್ದರೆ, ಮರ ಚೆನ್ನಾಗಿ ಒಣಗಿದ್ದರೆ ಆಗುವುದಿಲ್ಲ.

ಒಂಬತ್ತನ್ನೂ 10 ಮಿ.ಮೀ. ಸರಳಿನಲ್ಲಿ ಹೊಸದಾಗಿ ಮಾಡಿದೆವು. ಕಳಿಸುವ ಮೊದಲು ಕುಲುಮೆಯ ತೊಲೆಗೆ ಸಾಲಾಗಿ ಕೂರಿಸಿ, ಒಂದೊಂದರ ಬಾಯಿಯ ಅಗಲವನ್ನು ಕ್ಯಾಲಿಪರಿನಲ್ಲಿ ಅಳೆದು ತೊಲೆಯ ಮೇಲೇ ಬರೆದೆ. ಒಂದೊಂದಕ್ಕೆ 20 ಕಿಲೋ ಮರಳಿನ ಚೀಲ, ಒಂದು ರಾತ್ರಿ. ಬೆಳಗ್ಗೆ ಹುಡುಗನೇ ಅಳೆದ. ಎಂಟು ಕೊಕ್ಕೆ ಅಲ್ಲಾಡಿರಲಿಲ್ಲ. ಒಂದು 2 ಮಿ.ಮೀ. ಬಿಚ್ಚಿತ್ತು. ಬೆನ್ನು ಅಳೆದರೆ ಎಂಟೂ ಮುಕ್ಕಾಲು. ಅದು ನಾನು ಮಾಡಿದ್ದು. ಅದರ ಬದಲಿಗೆ ಇನ್ನೊಂದು ಮಾಡಿ ಕಳಿಸಿದೆವು. ಆ ಕೊಕ್ಕೆಗೆ ಈಗ ಹುಡುಗ ತನ್ನ ಟವೆಲ್ ತೂಗುಹಾಕುತ್ತಾನೆ.